ಶನಿವಾರ ಎಂಟೂವರೆಗೆ ಹೆದರಿಸುವ ಕೆಲಸ

ಶನಿವಾರ ರಾತ್ರಿ ಎಂಟೂವರೆ ಆಗುತ್ತಿದ್ದಂತೆ ನಮ್ಮ ಮನೆಯಲ್ಲಿ ಒಂದು ರೂಮಿನ ಬಾಗಿಲು ಹಾಕಿಕೊಳ್ಳುತ್ತದೆ. ಒಳಗೆ ನಾನು, ಒಂದು ಲ್ಯಾಪ್‌ಟಾಪ್, ಹೆಡ್‌ಫೋನ್, ಒಂದು ಸ್ಟೀಲ್ ಲೋಟ, ಒಂದು ಹಳೇ ತುರಿಮಣೆ. ಹೊರಗೆ ಹಾಲ್‌ನಲ್ಲಿ ಟಿವಿ ಮುಂದೆ ಮಾವ. ಮೊದಮೊದಲು ಅವರು ನನ್ನ ಗಂಡನನ್ನು ಕೇಳುತ್ತಿದ್ದರಂತೆ, "ಅವಳು ಒಳಗೆ ಯಾರಿಗೆ ಬೈತಿದ್ದಾಳೆ?" ಅಂತ.

ಬೈಯುತ್ತಿರಲಿಲ್ಲ. ಹೆದರಿಸುತ್ತಿದ್ದೆ.

"ಬಾಗಿಲ ಆಚೆಯಿಂದ ಯಾರೋ ಮೂರು ಸಲ ಬಡಿದರು. ನೆನಪಿರಲಿ, ಆ ಬಾಗಿಲ ಆಚೆ ಗಾಳಿಯೇ ಇಲ್ಲ." ಇಷ್ಟು ಹೇಳಿ ನಾನು ಸುಮ್ಮನಾಗುತ್ತೇನೆ. ಲೋಟವನ್ನು ಮೇಜಿನ ಕಾಲಿಗೆ ಮೆಲ್ಲಗೆ ಮೂರು ಸಲ ತಾಗಿಸುತ್ತೇನೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಮೈದುನನ ದನಿ: "ಅತ್ತಿಗೆ, ಬೆಳಿಗ್ಗೆ ಎಂಟು ಗಂಟೆಗೆ ನಂಗೆ ಇದೆಂತ ಕರ್ಮ!"

ಗಾಳಿ ಇಲ್ಲದಲ್ಲಿ ಶಬ್ದ ಸಾಗುವುದಿಲ್ಲ ಎಂಬುದು ಹೈಸ್ಕೂಲಿನ ಪಾಠ. ಆದರೆ ಲೋಹದೊಳಗೆ ಸಾಗುತ್ತದೆ. ಹೊರಗಿರುವುದು ಏನೇ ಇರಲಿ, ಅದು ಕಿಟಕಿಯ ಆಚೆ ನಿಂತು ಎಷ್ಟು ಕಿರುಚಿದರೂ ನಿಮಗೆ ಕೇಳಿಸದು. ಬಾಗಿಲನ್ನು ಮುಟ್ಟಿ ಬಡಿದರೆ ಮಾತ್ರ ಕೇಳಿಸುತ್ತದೆ. ಅಂದರೆ ಕೇಳಿಸಿತು ಎಂದರೆ ಅದು ಆಗಲೇ ಬಾಗಿಲಿಗೆ ಬಂದಿದೆ. ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್. ಭೌತಶಾಸ್ತ್ರವನ್ನು ಹೀಗೂ ಬಳಸಬಹುದು ಅಂತ ಬಿ.ಎಡ್.ನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಇದು ಎಂತ ಆಟ ಅಂತ ಕೇಳುತ್ತೀರಲ್ಲ. ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಮೊಬೈಲ್‌ನಲ್ಲಿ ಮಕ್ಕಳು ಆಡುವ ಗುಂಡು ಹಾರಿಸುವ ಆಟವಲ್ಲ. ಇಲ್ಲಿ ಚಿತ್ರ ಓಡುವುದಿಲ್ಲ, ಗೆದ್ದವರು ಸೋತವರು ಇಲ್ಲ. ಒಬ್ಬರು ಸನ್ನಿವೇಶ ಹೇಳುತ್ತಾರೆ. ಉಳಿದವರು ಒಂದೊಂದು ಪಾತ್ರ ಆಗಿರುತ್ತಾರೆ. "ನೀನು ಈಗ ಏನು ಮಾಡ್ತೀಯ?" ಎಂಬುದೇ ಇಡೀ ಆಟದ ಪ್ರಶ್ನೆ. ಮಾಡುತ್ತೇನೆ ಎಂದದ್ದು ಆಗುತ್ತದೋ ಇಲ್ಲವೋ ಅನುಮಾನ ಬಂದರೆ ದಾಳ ಉರುಳಿಸುತ್ತಾರೆ.

ಇದನ್ನು ಮಾವನಿಗೆ ವಿವರಿಸಲು ನಾನು ಒಂದು ತಿಂಗಳು ಒದ್ದಾಡಿದೆ. ಒಂದು ದಿನ ಅವರೇ ಕೇಳಿದರು: "ಕಥೆ ನಡೆಸೋದು ನೀನು. ಅವ್ರವ್ರ ಪಾತ್ರದ ಮಾತು ಅವ್ರವ್ರೇ ಆಡ್ತಾರೆ. ವೇಷ ಇಲ್ಲ, ಕುಣಿತ ಇಲ್ಲ, ಬರೆದಿಟ್ಟ ಮಾತಿಲ್ಲ. ಹೌದಾ?" ಹೌದು ಅಂದೆ. "ಹಂಗಾದ್ರೆ ತಾಳಮದ್ದಳೆ ಅನ್ನು, ಅದಕ್ಕೆ ಇಷ್ಟುದ್ದ ಇಂಗ್ಲಿಷ್ ಎಂತಕ್ಕೆ?"

ಮಾವ ಹರೆಯದಲ್ಲಿ ಅರ್ಥ ಹೇಳುತ್ತಿದ್ದವರು. ಮಲೆನಾಡಿನ ಮಳೆಗಾಲದಲ್ಲಿ ಆಟಗಳು ನಿಂತ ಮೇಲೆ ಮನೆಯ ಜಗಲಿಯಲ್ಲಿ, ದೇವಸ್ಥಾನದಲ್ಲಿ ತಾಳಮದ್ದಳೆ. ಭಾಗವತರು ಪದ ಹೇಳುತ್ತಾರೆ, ಅದರ ಮೇಲೆ ಅರ್ಥಧಾರಿಗಳು ಕುಳಿತಲ್ಲೇ ಮಾತು ಕಟ್ಟುತ್ತಾರೆ. ವ್ಯತ್ಯಾಸ ಒಂದೇ. ಕರ್ಣಪರ್ವದಲ್ಲಿ ಕರ್ಣ ಸಾಯುತ್ತಾನೆ ಅಂತ ಕೇಳಲು ಬಂದ ಮಗುವಿಗೂ ಗೊತ್ತು. ನಮ್ಮ ಆಟದಲ್ಲಿ ಯಾರು ಉಳಿಯುತ್ತಾರೆ ಅಂತ ಭಾಗವತಳಾದ ನನಗೂ ಗೊತ್ತಿಲ್ಲ.

ಈ ಜಾತಿಯ ಆಟಗಳಿಗೆ ದಾರಿ ಹಾಕಿದ್ದು 1974ರಲ್ಲಿ ಅಮೆರಿಕದಲ್ಲಿ ಬಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮಾಡಿದ್ದು. ಅದರಲ್ಲಿ ಕತ್ತಿ, ಮಂತ್ರ, ನಿಧಿ. 1977ರಲ್ಲಿ ಟ್ರ್ಯಾವೆಲರ್ ಬಂದು ಆಟವನ್ನು ಆಕಾಶಕ್ಕೆ ಒಯ್ದಿತು. 1981ರ ಕಾಲ್ ಆಫ್ ಕ್ತುಲು ಎಂಬ ಆಟ ಇನ್ನೊಂದು ಕೆಲಸ ಮಾಡಿತು: ಪಾತ್ರದ ಮೈಗೆ ಆಗುವ ಗಾಯದ ಹಾಗೆ ಮನಸ್ಸಿಗೆ ಆಗುವ ಗಾಯಕ್ಕೂ ಒಂದು ಅಂಕಿ ಇಟ್ಟಿತು. ಈಗ ನಾವು ಆಡುವ ಮದರ್‌ಶಿಪ್ ಈ ಎರಡರ ಮೊಮ್ಮಗಳು ಅನ್ನಬಹುದು. ಶಾನ್ ಮೆಕಾಯ್ ಎಂಬವರು ಬರೆದದ್ದು, 2018ರಲ್ಲಿ ಮೊದಲು ಬಂತು. 1979ರ ಏಲಿಯನ್ ಸಿನಿಮಾ ನೋಡಿದವರಿಗೆ ವಾತಾವರಣ ತಕ್ಷಣ ಗೊತ್ತಾಗುತ್ತದೆ: ಬಾಡಿಗೆ ಹಡಗು, ಸಂಬಳ ಬಾಕಿ, ಕಂಪನಿಯ ಸುಳ್ಳು, ಮತ್ತು ಹಡಗಿನಲ್ಲಿ ಇರಬಾರದ ಒಂದು ಏನೋ.

ಇದರಲ್ಲಿ ಆಟ ನಡೆಸುವವರ ಹೆಸರು ವಾರ್ಡನ್. ಅಕ್ಕನ ಮಗ ಅದನ್ನು ಹೇಳಿದ ದಿನ ನಾನು ಹಾಸ್ಟೆಲ್ ಊಟ ನೆನಪಾಗಿ ನಕ್ಕೆ. ಅವನು ಡಬ್ಲಿನ್‌ನಲ್ಲಿದ್ದಾನೆ. 2020ರ ಲಾಕ್‌ಡೌನ್‌ನಲ್ಲಿ ಕಸಿನ್‌ಗಳನ್ನೆಲ್ಲ ಸೇರಿಸಿ ಡಂಜನ್ಸ್ ಆಡಿಸುತ್ತಿದ್ದವನು ಅವನೇ. ಒಬ್ಬರು ಕಡಿಮೆ ಬಿದ್ದರು ಅಂತ ನನ್ನನ್ನು ಎಳೆದ. ಆಮೇಲೆ ಅವನಿಗೆ ಕೆಲಸ ಜಾಸ್ತಿಯಾಯಿತು, ನನಗೆ ಹುಚ್ಚು ಜಾಸ್ತಿಯಾಯಿತು. ಮದರ್‌ಶಿಪ್‌ನ ಆಟಗಾರರ ಪುಸ್ತಕ ತೆಳ್ಳಗಿದೆ, ಪಿಡಿಎಫ್‌ಗೆ ದುಡ್ಡು ಕೊಡಬೇಕಾಗಿಲ್ಲ; ಎರಡು ದಿನದಲ್ಲಿ ಓದಿ ಮುಗಿಸಿ ನಾನೇ ವಾರ್ಡನ್ ಆದೆ.

ಪಾತ್ರಗಳಲ್ಲಿ ನಾಲ್ಕು ಬಗೆ. ಟೀಮ್‌ಸ್ಟರ್ ಅಂದರೆ ನಮ್ಮ ಲಾರಿ ಡ್ರೈವರ್, ಮೆಕ್ಯಾನಿಕ್ ಥರದವರು. ಮರೀನ್ ಅಂದರೆ ಸಿಪಾಯಿ. ಮತ್ತೆ ವಿಜ್ಞಾನಿ. ನಾಲ್ಕನೆಯದು ಆಂಡ್ರಾಯ್ಡ್, ಫೋನಲ್ಲ, ಮನುಷ್ಯರ ಹಾಗೇ ಇರುವ ಯಂತ್ರ. ಅದು ಹತ್ತಿರ ಇದ್ದರೆ ಜೊತೆಯವರಿಗೆ ಭಯ ತಡೆದುಕೊಳ್ಳುವುದು ಇನ್ನೂ ಕಷ್ಟ ಅಂತಲೇ ನಿಯಮ. ಹತ್ತು ಮುಖದ ಎರಡು ದಾಳ ಉರುಳಿಸಿ ನೂರರೊಳಗೆ ಒಂದು ಸಂಖ್ಯೆ ತೆಗೆಯಬೇಕು. ಅದು ನಿಮ್ಮ ಶಕ್ತಿಗಿಂತ ಕಡಿಮೆ ಬಂದರೆ ಗೆದ್ದಿರಿ. ಸೋತಾಗಲೆಲ್ಲ ನಿಮ್ಮ ಒತ್ತಡ ಒಂದು ಅಂಕ ಏರುತ್ತದೆ. ಎಲ್ಲರೂ 2ರಿಂದ ಶುರು. ತೀರಾ ಕೆಟ್ಟದ್ದು ಆದಾಗ ಇಪ್ಪತ್ತು ಮುಖದ ದಾಳ ಹಾಕಬೇಕು. ಬಂದದ್ದು ಒತ್ತಡಕ್ಕಿಂತ ಹೆಚ್ಚಿದ್ದರೆ ಬಚಾವ್; ಸಮ ಅಥವಾ ಕಡಿಮೆ ಇದ್ದರೆ ಗಾಬರಿ, ಆಮೇಲೆ ಏನಾಗುತ್ತದೆ ಅಂತ ಪಟ್ಟಿ ನೋಡಬೇಕು. ಒತ್ತಡ 2 ಇರುವಾಗ ಗಾಬರಿಯ ಸಂಭವ ನೂರಕ್ಕೆ 10. ಒತ್ತಡ 10 ಆದರೆ ನೂರಕ್ಕೆ 50. ಸಂಭವನೀಯತೆ ಪಾಠವನ್ನು ನನ್ನ ಹತ್ತನೇ ಕ್ಲಾಸಿನವರು ಈಗ ಚೆನ್ನಾಗಿ ಕೇಳುತ್ತಾರೆ, ಯಾಕೆ ಅಂತ ಹೆಡ್‌ಮಾಸ್ಟರಿಗೆ ಹೇಳಿಲ್ಲ.

ಮೇಜಿನ ಸುತ್ತ ಕುಳಿತು ಆಡುವ ಆಟವನ್ನು ಆನ್‌ಲೈನ್‌ನಲ್ಲಿ ಆಡುವುದು ಬೇರೆಯೇ ವಿದ್ಯೆ. ಅದರಲ್ಲೂ ಹೆದರಿಸುವ ಆಟ. ನಾವು ನಾಲ್ವರು: ನಾನು, ಡಬ್ಲಿನ್‌ನ ಅಕ್ಕನ ಮಗ, ಕ್ಯಾಲಿಫೋರ್ನಿಯಾದ ಮೈದುನ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಾದಿನಿಯ ಮಗಳು. ಬೇಸಿಗೆಯಲ್ಲಿ ನಮಗೆ ರಾತ್ರಿ ಎಂಟೂವರೆ ಅಂದರೆ ಡಬ್ಲಿನ್‌ಗೆ ಸಂಜೆ ನಾಲ್ಕು, ಮೈದುನನಿಗೆ ಬೆಳಿಗ್ಗೆ ಎಂಟು. ಡಬ್ಲಿನ್‌ನ ಗಡಿಯಾರ ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಅಮೆರಿಕದ್ದು ನವೆಂಬರ್ ಮೊದಲ ಭಾನುವಾರ. ನಡುವಿನ ಆ ಒಂದು ಶನಿವಾರ ಯಾರಾದರೊಬ್ಬರು ತಪ್ಪದೆ ತಪ್ಪು ಸಮಯಕ್ಕೆ ಬರುತ್ತಾರೆ. ಫಳಫಳ ಬಿಸಿಲಿನಲ್ಲಿ ಕಾಫಿ ಕುಡಿಯುತ್ತಾ ಕುಳಿತವನನ್ನು ಹೆದರಿಸುವುದು ಹೇಗೆ? ಮೈದುನನಿಗೆ ಪರದೆ ಎಳೆದುಕೊಂಡು, ಹೆಡ್‌ಫೋನ್ ಹಾಕಿಕೊಂಡು ಕೂರಬೇಕು ಅಂತ ಕಟ್ಟಪ್ಪಣೆ. ಸ್ಪೀಕರ್‌ನಲ್ಲಿ ಕೇಳಿದರೆ ದೆವ್ವ ಕೂಡ ಅನೌನ್ಸ್‌ಮೆಂಟ್ ಥರ ಕೇಳಿಸುತ್ತದೆ.

ಶಬ್ದದ ವಿಷಯದಲ್ಲಿ ಒಂದು ತಮಾಷೆ ಹೇಳಬೇಕು. ಮೊದಲ ಸಲ ನಾನು ಲೋಟ ಬಡಿದಾಗ ಯಾರೂ ಹೆದರಲಿಲ್ಲ. ತುರಿಮಣೆಯ ಮೇಲೆ ಚಮಚ ಎಳೆದೆ. ಮೈ ಜುಂ ಅನ್ನಬೇಕು. ಏನೂ ಇಲ್ಲ. "ಅತ್ತೆ, ಏನಾದ್ರೂ ಹೇಳಿ, ನೆಟ್ ಹೋಯ್ತಾ?" ಅಂತ ಹುಡುಗಿ ಕೇಳಿದಳು. ನಾವು ಮಾತಾಡುವ ಆ್ಯಪ್ ಮನುಷ್ಯರ ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಗಲಾಟೆ ಅಂತ ತೆಗೆದುಹಾಕುತ್ತಿತ್ತು! ಗದ್ದಲ ತಗ್ಗಿಸುವ ಆ ಸೆಟ್ಟಿಂಗ್ ಆಫ್ ಮಾಡಿದ ಮೇಲೆ ಲೋಟ ಕೇಳಿಸಿತು. ಅದೇ ದಿನ ಅಡುಗೆಮನೆಯ ಕುಕ್ಕರ್ ಕೂಡ ಕೇಳಿಸಿತು. ಅದರ ಮೂರನೇ ಸೀಟಿಗೆ ಮೈದುನ ಕುರ್ಚಿಯಿಂದ ಎದ್ದೇಬಿಟ್ಟ. ನಾನು ಇಷ್ಟು ವರ್ಷದಲ್ಲಿ ಯೋಜನೆ ಹಾಕಿ ಹೆದರಿಸಿದ್ದಕ್ಕಿಂತ ಆ ಬೇಳೆ ಹೆದರಿಸಿದ್ದೇ ಹೆಚ್ಚು.

ನೆಟ್ ಕೈಕೊಟ್ಟರೆ ಅದನ್ನೂ ಕಥೆಗೆ ಸೇರಿಸಿಕೊಳ್ಳುತ್ತೇನೆ. ಮಂಗಳ ಗ್ರಹದಿಂದ ಒಂದು ಮಾತು ಭೂಮಿಗೆ ಬರಲು ಕಡಿಮೆ ಅಂದರೆ ಮೂರು ನಿಮಿಷ, ಹೆಚ್ಚು ಅಂದರೆ ಇಪ್ಪತ್ತೆರಡು ನಿಮಿಷ ಬೇಕು. ನಮ್ಮ ಕಡೆಯ ಬ್ರಾಡ್‌ಬ್ಯಾಂಡ್ ಅಷ್ಟೇನೂ ಕೆಟ್ಟದ್ದಲ್ಲ. ಯಾರದ್ದಾದರೂ ದನಿ ಕಟ್ಟಾದರೆ "ನಿನ್ನ ರೇಡಿಯೋ ಸತ್ತಿದೆ, ಉಳಿದವರಿಗೆ ನಿನ್ನ ಉಸಿರು ಮಾತ್ರ ಕೇಳಿಸ್ತಿದೆ" ಅನ್ನುತ್ತೇನೆ.

ಮೇಜಿನಲ್ಲಿ ಆಗದ ಒಂದು ಉಪಾಯ ಆನ್‌ಲೈನ್‌ನಲ್ಲಿ ಆಗುತ್ತದೆ, ಗುಟ್ಟಿನ ಮೆಸೇಜು. ಎಲ್ಲರೂ ಮಾತಾಡುತ್ತಿರುವಾಗ ಒಬ್ಬನಿಗೆ ಮಾತ್ರ ಟೈಪ್ ಮಾಡುತ್ತೇನೆ: "ನಿಮ್ಮ ಗುಂಪಿನಲ್ಲಿ ಈಗ ಐದು ಜನರ ಹೆಜ್ಜೆ ಸದ್ದಿದೆ. ನೀವು ನಾಲ್ವರು." ಅವನು ಹೇಳುತ್ತಾನೋ, ಮುಚ್ಚಿಡುತ್ತಾನೋ ಅವನಿಗೆ ಬಿಟ್ಟದ್ದು.

ಇನ್ನೊಂದು ಉಪಾಯ ಕನ್ನಡವೇ ಕೊಟ್ಟದ್ದು. ನಾವು ಏರ್‌ಲಾಕ್, ರಿಯಾಕ್ಟರ್ ಎಲ್ಲ ಹಾಗೇ ಹೇಳುತ್ತೇವೆ; ಅವನ್ನು ಅನುವಾದಿಸಲು ಹೋದರೆ ಹಡಗು ಪಠ್ಯಪುಸ್ತಕವಾಗುತ್ತದೆ. ಆದರೆ ಭಯ ಹುಟ್ಟುವುದು ಚಿಕ್ಕ ಮಾತಿನಲ್ಲಿ. ನಾವು ಮೊದಲು ಆಡಿದ ಕಥೆ ಇಪ್ಸಿಲಾನ್ 14 ಎಂಬ ಗಣಿಯದ್ದು. ಮೂರು ಮಡಿಕೆಯ ಒಂದೇ ಹಾಳೆಯಲ್ಲಿ ಇಡೀ ಕಥೆ ಇದೆ: ಕ್ಷುದ್ರಗ್ರಹದ ಮೇಲೊಂದು ಗಣಿ, ಕೆಲಸಗಾರರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ, ಒಂದು ಬೆಕ್ಕೂ ಇದೆ. ಆಡಬೇಕು ಎನ್ನುವವರು ಇರಬಹುದು, ಮುಂದಿನದು ಹೇಳುವುದಿಲ್ಲ. ಅದರ ಮೇಲೆ ನನ್ನದೊಂದು ಒಗ್ಗರಣೆ ಹಾಕಿದ್ದೆ. ಕಾಣೆಯಾದವರಲ್ಲಿ ಒಬ್ಬ ತಿರುಗಿ ಬಂದ. "ಅವನು ಬಾಗಿಲಲ್ಲಿ ನಿಂತ. ಅವನು ನಕ್ಕ. ಅವನು ಕೈ ಚಾಚಿದ." ಇಷ್ಟು ಹೇಳಿ, ದನಿ ಬದಲಿಸದೆ, "ಅದು ನಿಮ್ಮ ಕಡೆ ತಿರುಗಿತು" ಅಂದೆ. ಎರಡು ಸೆಕೆಂಡ್ ಮೌನ. ಅಕ್ಕನ ಮಗ ಕೇಳಿದ, "ಚಿಕ್ಕಮ್ಮ, ಈಗ ನೀವು 'ಅದು' ಅಂದ್ರಾ?" ನಾನು ಉತ್ತರಿಸಲಿಲ್ಲ. ದಾಳ ಹಾಕು ಅಂದೆ.

ಇಂಥ ಒಂದು ರಾತ್ರಿಯ ನಂತರ ನಿದ್ದೆ ಚೆನ್ನಾಗಿ ಬರುತ್ತದೆ. ಎಲ್ಲರೂ ಹೆದರಿದರು, ಎಲ್ಲರೂ ನಕ್ಕರು, ನಾನು ಗೆದ್ದೆ ಅನ್ನುವ ಭಾವ. ಆ ಭಾವವೇ ನನ್ನನ್ನು ಕೆಡಿಸಿತು.

ಹೋದ ವರ್ಷದ ಜುಲೈ. ಆ ಸಲದ್ದು ನಾನೇ ಬರೆದ ಕಥೆ. ಸರಕಿನ ಹಡಗಿಗೆ ತೂತು ಬಿದ್ದಿದೆ, ಗಾಳಿ ಸೋರುತ್ತಿದೆ, ಸಿಲಿಂಡರ್‌ಗಳು ಎಣಿಸಿಟ್ಟಷ್ಟು. ಆನ್‌ಲೈನ್‌ನಲ್ಲಿ ಎಲ್ಲರ ಕಣ್ಣು ಫೋನಿನ ಕಡೆ ಓಡುತ್ತದಲ್ಲ, ಅದನ್ನು ಹಿಡಿದಿಡಲು ಸ್ಕ್ರೀನ್ ಮೇಲೆ ಒಂದು ಸ್ಲೈಡ್ ಹಾಕಿದೆ. ಕಪ್ಪು ಹಿನ್ನೆಲೆ, ಹಸಿರು ಬಣ್ಣದ ದೊಡ್ಡ ಅಂಕಿ: ಆಮ್ಲಜನಕ 97. ಕೆಲವು ನಿಮಿಷಕ್ಕೊಮ್ಮೆ ಒಂದೋ ಎರಡೋ ಇಳಿಸುತ್ತಾ ಹೋಗುವುದು. ಜೊತೆಗೊಂದು ಬೀಪ್ ಸದ್ದು ಬೇರೆ ಹುಡುಕಿ ಇಟ್ಟಿದ್ದೆ. ಭಯಕ್ಕೆ ಕತ್ತಲು ಬೇಕು ಅಂತ ಎಲ್ಲರ ಕ್ಯಾಮೆರಾ ಆಫ್ ಮಾಡಿಸಿದ್ದೂ ನಾನೇ.

95. 93. 91. ಯಾರೂ ಹೆಚ್ಚು ಮಾತಾಡುತ್ತಿಲ್ಲ. ನಾದಿನಿಯ ಮಗಳದ್ದು ವಿಜ್ಞಾನಿಯ ಪಾತ್ರ, ಹಡಗಿಗೆ ಡಾಕ್ಟರೂ ಅವಳೇ. ಅವಳಂತೂ ಪೂರ್ತಿ ಮೌನ. ಭಯ ಹಿಡಿಯಿತು, ಚೆನ್ನಾಗಿ ಹಿಡಿಯಿತು ಅಂತ ಒಳಗೊಳಗೇ ನನಗೆ ಖುಷಿ. 88ಕ್ಕೆ ಇಳಿಸಿ ಕೇಳಿದೆ: "ಡಾಕ್ಟರೇ, ಸಿಲಿಂಡರ್ ಇರೋದು ಒಂದು. ಯಾರಿಗೆ ಕೊಡ್ತೀರಿ?"

ಅವಳು ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಹೆಸರು ಸ್ಕ್ರೀನಿನಿಂದ ಹೋಯಿತು. "ನೆಟ್ ಹೋಯ್ತು ಅನ್ಸತ್ತೆ, ಕಾಯೋಣ" ಅಂದೆ. ಮೈದುನ ಕೂಡ ಹೂಂ ಅಂದ. ಡಬ್ಲಿನ್‌ನಿಂದ ಅಕ್ಕನ ಮಗ ಮೆಲ್ಲಗೆ ಹೇಳಿದ: "ಚಿಕ್ಕಮ್ಮ, ಆ ನಂಬರ್ ತೆಗೀರಿ. 2021."

ನಾದಿನಿಯ ಗಂಡ ಹೋದದ್ದು 2021ರ ಮೇ ತಿಂಗಳಲ್ಲಿ, ಬೆಂಗಳೂರಿನಲ್ಲಿ. ನಾದಿನಿಗೂ ಪಾಸಿಟಿವ್ ಬಂದು ಇನ್ನೊಂದು ರೂಮಿನಲ್ಲಿ ಮಲಗಿದ್ದಳು. ಹುಡುಗಿಗೆ ಆಗ ಇಪ್ಪತ್ತು ವರ್ಷ, ಅವಳೊಬ್ಬಳೇ. ಬೆಡ್ ಸಿಗುವವರೆಗೆ ಅಪ್ಪನ ಬೆರಳಿಗೆ ಆ ಚಿಕ್ಕ ಯಂತ್ರ ಸಿಕ್ಕಿಸಿ, ಗಂಟೆಗೊಮ್ಮೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಅಂಕಿ ಹಾಕುತ್ತಿದ್ದಳು. ಬೆಳಿಗ್ಗೆ ಆರಕ್ಕೆ 93. ಏಳಕ್ಕೆ 92. ನಾವೆಲ್ಲ ಸಿಲಿಂಡರ್‌ಗಾಗಿ ಸಿಕ್ಕಸಿಕ್ಕವರಿಗೆ ಫೋನ್ ಮಾಡುತ್ತಿದ್ದೆವು. ಆ ಮೆಸೇಜುಗಳು ನನ್ನ ಫೋನಿನಲ್ಲೂ ಇವೆ. ಒಂದೊಂದಕ್ಕೂ ಕೈಮುಗಿದ ಗುರುತು ಹಾಕಿದ್ದೆ. ಗೊತ್ತಿಲ್ಲದೆ ಆದ ತಪ್ಪು ಅಂತ ಹೇಳಿಕೊಳ್ಳಲು ನನಗೆ ಜಾಗವೇ ಇಲ್ಲ. ಗೊತ್ತಿತ್ತು. ಅಂಕಿಯ ಬಣ್ಣ ಯಾವುದಿರಲಿ ಅಂತ ಅರ್ಧ ಗಂಟೆ ಯೋಚಿಸಿದವಳಿಗೆ ಇದೊಂದು ಹೊಳೆಯಲಿಲ್ಲ.

ಎದುರಿಗೆ ಕುಳಿತಿದ್ದರೆ 95ಕ್ಕೇ ಅವಳ ಮುಖ ನೋಡಿ ನಿಲ್ಲಿಸುತ್ತಿದ್ದೆ. ಆನ್‌ಲೈನ್‌ನಲ್ಲಿ ಹೆದರಿದವರ ಮೌನ, ನೊಂದವರ ಮೌನ ಎರಡೂ ಒಂದೇ ಥರ ಕೇಳಿಸುತ್ತವೆ. ಮ್ಯೂಟ್ ಮಾಡಿಕೊಂಡು ಪಲ್ಯ ಹೆಚ್ಚುತ್ತಿರುವವರ ಮೌನವೂ ಅದೇ ಥರ.

ರೂಮಿನಿಂದ ಹೊರಗೆ ಬಂದಾಗ ಮಾವ ಕೇಳಿದರು, "ಇವತ್ತು ಬೇಗ ಮುಗೀತಲ್ಲ?" ಹೇಳಿದೆ. ಅವರಿಗೆ ಅವಳು ಮೊಮ್ಮಗಳು, ಹೋದವರು ಅಳಿಯ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹಳೇ ಕಥೆಯೊಂದನ್ನು ಹೇಳಿದರು. ಯಾರದೋ ಮನೆಯ ತಾಳಮದ್ದಳೆಗೆ ಅಭಿಮನ್ಯು ಕಾಳಗ ಅಂತ ನಿಶ್ಚಯವಾಗಿತ್ತಂತೆ. ಇವರೆಲ್ಲ ಅರ್ಥಕ್ಕೆ ತಯಾರಾಗಿ ಹೋಗಿದ್ದಾರೆ. ಹಿಂದಿನ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗ ಹೊಳೆ ಪಾಲಾಗಿದ್ದ. ಅವನ ಅಮ್ಮ ಬಂದು ಮೂಲೆಯಲ್ಲಿ ಕುಳಿತದ್ದನ್ನು ಭಾಗವತರು ನೋಡಿದರು. ಒಂದು ಮಾತೂ ಹೇಳದೆ ಬೇರೆ ಪ್ರಸಂಗದ ಪದ ಎತ್ತಿಕೊಂಡರು. "ನೀವು ಯಾಕೆ ಅಂತ ಕೇಳ್ಲಿಲ್ವಾ ಮಾವ?" ಅಂದೆ. "ಕೇಳೋದು ಎಂತಕ್ಕೆ?" ಅಂದರು.

ಆ ರಾತ್ರಿ ನನಗೆ ಫೋನ್ ಮಾಡಲು ಧೈರ್ಯವಾಗಲಿಲ್ಲ. "ತಪ್ಪಾಯ್ತು ಪುಟ್ಟಾ" ಅಂತ ಮಾತ್ರ ಬರೆದೆ. ಮರುದಿನ ಮಧ್ಯಾಹ್ನ ಅವಳೇ ಮಾಡಿದಳು.

"ಕೋಪ ಇಲ್ಲ ಅತ್ತೆ. ಆ ಬೀಪ್ ಬಂತಲ್ಲ, ಆಗ ನಾನು ಎಲ್ಲಿದೀನಿ ಅಂತಾನೇ ಗೊತ್ತಾಗ್ಲಿಲ್ಲ. ಮೈಕ್ ಆನ್ ಮಾಡಿ ಹೇಳೋಣ ಅಂದ್ರೆ ಬೆರಳೇ ಓಡ್ಲಿಲ್ಲ."

ಇನ್ನು ಈ ಆಟ ಬೇಡ, ನಿಲ್ಲಿಸಿಬಿಡೋಣ ಅಂದೆ. ಅವಳಿಗೆ ಆಗ ನಿಜವಾಗಿ ಕೋಪ ಬಂತು.

"ಯಾಕೆ ನಿಲ್ಸ್ತೀರಿ? ಅಪ್ಪ ಹೋದ್ಮೇಲೆ ಎಲ್ರೂ ನನ್ ಮುಂದೆ ಹುಷಾರಾಗಿ ಮಾತಾಡ್ತಾರೆ. ಅಮ್ಮ ಟಿವೀಲಿ ಆಸ್ಪತ್ರೆ ಬಂದ್ರೆ ಚಾನೆಲ್ ಬದಲಾಯಿಸ್ತಾಳೆ. ಶನಿವಾರ ಒಂದಿನ ನಂಗೆ ಹೆದರೋಕಾಗತ್ತೆ, ಕಿರುಚೋಕಾಗತ್ತೆ. ನೀವೂ ಹುಷಾರಾಗ್ಬೇಡಿ. ಆ ನಂಬರ್ ಒಂದು ಬೇಡ ಅಷ್ಟೆ."

ಹುಷಾರಾಗಬೇಡಿ, ಆದರೆ ಅದೊಂದು ಬೇಡ. ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆ? ಇಂಥ ಆಟ ಆಡುವವರು ಇದಕ್ಕೆ ಬಹಳ ಹಿಂದೆಯೇ ದಾರಿ ಹುಡುಕಿದ್ದಾರೆ. ಜಾನ್ ಸ್ಟಾವ್ರೊಪೊಲೊಸ್ ಎಂಬವರು ಎಕ್ಸ್ ಕಾರ್ಡ್ ಅಂತ ಮಾಡಿದರು: ಮೇಜಿನ ನಡುವೆ ಎಕ್ಸ್ ಎಂದು ಬರೆದ ಒಂದು ಕಾರ್ಡು. ಯಾರು ಬೇಕಾದರೂ ಅದನ್ನು ಮುಟ್ಟಬಹುದು. ಮುಟ್ಟಿದರೆ ಆಗ ನಡೆಯುತ್ತಿರುವುದನ್ನು ಬಿಟ್ಟು ಮುಂದೆ ಹೋಗಬೇಕು, ಕಾರಣ ಹೇಳಬೇಕಾಗಿಲ್ಲ. ಗೆರೆ ಮತ್ತು ಪರದೆ ಅಂತ ಇನ್ನೊಂದಿದೆ. ಗೆರೆ ಎಂದರೆ ಕಥೆಯೊಳಗೆ ಬರಲೇಬಾರದ್ದು. ಪರದೆ ಎಂದರೆ ಬರಬಹುದು, ಆದರೆ ಮುಂದೆ ತೋರಿಸದೆ ಮರೆಯಲ್ಲಿ ಆಗಬೇಕಾದ್ದು. ಇವನ್ನೆಲ್ಲ ನಾನು ಮೊದಲೇ ಓದಿದ್ದೆ. ಅಪರಿಚಿತರ ಜೊತೆ ಆಡುವವರಿಗೆ ಇದು, ನಮ್ಮದು ಮನೆಯವರೇ ಅಲ್ಲವಾ ಅಂತ ಪುಟ ತಿರುವಿದ್ದೆ.

ಈಗ ಹೊಸ ಕಥೆಗೆ ಮೊದಲು ಒಬ್ಬೊಬ್ಬರೂ ನನಗೆ ಮಾತ್ರ ಮೆಸೇಜ್ ಮಾಡಬೇಕು, ಇದು ಬೇಡ ಅಂತ. ಯಾರು ಏನು ಬರೆದರು ಅಂತ ಉಳಿದವರಿಗೆ ಹೇಳುವುದಿಲ್ಲ. ಒಂದನ್ನು ಮಾತ್ರ, ಹೇಳಬಹುದು ಅಂತ ಅವನೇ ಒಪ್ಪಿದ್ದರಿಂದ, ಇಲ್ಲಿ ಬರೆಯುತ್ತೇನೆ. ಮೈದುನ ಬರೆದ: "ಬಾವಿಯೊಳಗಿನಿಂದ ಕರೆಯೋ ದನಿ ಬೇಡ." ಆರು ವರ್ಷದವನಿದ್ದಾಗ ಹಿತ್ತಲ ಬಾವಿಗೆ ಬಿದ್ದು, ಯಾರಿಗೂ ಕೇಳಿಸದೆ ಬಹಳ ಹೊತ್ತು ಕೂಗಿದ್ದನಂತೆ. ಅದೇ ಮನೆಯಲ್ಲಿ ಬೆಳೆದ ನನ್ನ ಗಂಡನಿಗೆ, "ಬಿದ್ದಿದ್ದ, ತೆಗೆದ್ವಿ" ಅನ್ನುವುದಷ್ಟೇ ನೆನಪು. ನಾನು ಆ ಸಲ ಬರೆದಿಟ್ಟುಕೊಂಡಿದ್ದ ಕಥೆಯಲ್ಲಿ ಆಳದ ಒಂದು ಗುಂಡಿ ಇತ್ತು, ಅದರ ತಳದಿಂದ ಒಂದು ದನಿ ಹೆಸರು ಹಿಡಿದು ಕರೆಯುತ್ತಿತ್ತು. ಕುಳಿತು ಎರಡು ಪುಟ ಹರಿದೆ.

ಎಕ್ಸ್ ಕಾರ್ಡಿಗೆ ಬದಲು ನಮ್ಮಲ್ಲಿ ಚಾಟ್‌ನಲ್ಲಿ ಒಂದು ಎಕ್ಸ್ ಟೈಪ್ ಮಾಡಿದರೆ ಸಾಕು. ಬೆರಳು ಓಡದಿದ್ದರೆ? ಅದಕ್ಕೆ ಕ್ಯಾಮೆರಾ ಈಗ ಆನ್ ಇರುತ್ತದೆ. ರೂಮಿನ ದೀಪ ಆರಿಸಿ, ಮುಖದ ಹತ್ತಿರ ಒಂದು ಚಿಕ್ಕ ದೀಪ. ಹೆಲ್ಮೆಟ್ಟಿನೊಳಗಿನ ಮುಖದ ಹಾಗೆ ಕಾಣುತ್ತದೆ, ಮೊದಲಿಗಿಂತ ಹೆಚ್ಚು ಹೆದರಿಕೆಯಾಗುತ್ತದೆ. ಐವತ್ತು ನಿಮಿಷಕ್ಕೊಮ್ಮೆ ವಿರಾಮ. ಆಟ ಮುಗಿದ ಮೇಲೆ ಹತ್ತು ನಿಮಿಷ ಆಟದ ಸುದ್ದಿ ಎತ್ತುವ ಹಾಗಿಲ್ಲ. ಯಾರ ಮನೆಯಲ್ಲಿ ಎಂತ ಅಡುಗೆ, ಡಬ್ಲಿನ್‌ನಲ್ಲಿ ತೆಂಗಿನಕಾಯಿಗೆ ಎಷ್ಟು ಅಂತ ಅದೇ ಮಾತು. ಎಕ್ಸ್ ಇದುವರೆಗೆ ಎರಡು ಸಲ ಬಂದಿದೆ. ಒಮ್ಮೆ ಬರೆದದ್ದು ನಾನೇ.

ಮತ್ತೆ, ನಮ್ಮ ತಂಡಕ್ಕೆ ಒಬ್ಬರು ಸೇರಿದ್ದಾರೆ. ಹಡಗಿನ ಕಂಪ್ಯೂಟರಿಗೆ ಒಂದು ದನಿ ಬೇಕಿತ್ತು. ನಾನೇ ಮಾಡಿದರೆ ನನ್ನ ದನಿ ಅಂತ ಗೊತ್ತಾಗುತ್ತದೆ. ಮಾವನನ್ನು ಕರೆದು ಕೂರಿಸಿ, ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಟ್ಟೆ: "ಬಾಗಿಲು ತೆರೆಯಲು ಅನುಮತಿ ಇಲ್ಲ." ಅವರು ಚೀಟಿಯನ್ನು ಕನ್ನಡಕ ಹಾಕಿ ಓದಿ ಪಕ್ಕಕ್ಕಿಟ್ಟರು. ಆಮೇಲೆ ಮೈಕಿನ ಹತ್ತಿರ ಬಗ್ಗಿ, ಅರ್ಥ ಹೇಳುವ ಗತ್ತಿನಲ್ಲಿ ಶುರು ಮಾಡಿದರು. ನಿನ್ನನ್ನು ಹೊತ್ತು ತಿರುಗುವ ನನಗೆ ನೀನು ಅಪ್ಪಣೆ ಕೊಡುವವನೋ, ನಿನ್ನ ಉಸಿರು ಯಾರ ಮನೆಯದ್ದು, ಬಾಗಿಲು ತೆಗೆ ಎನ್ನುತ್ತೀಯಲ್ಲ, ತೆಗೆದ ಬಾಗಿಲಿನಿಂದ ನೀನು ಹೋಗುವುದು ನಿಶ್ಚಯವೋ ಅದು ಬರುವುದು ನಿಶ್ಚಯವೋ, ಹೀಗೆ ಏಳೆಂಟು ನಿಮಿಷ. ಮೊಮ್ಮಕ್ಕಳು ಬಿಡುತ್ತಾರಾ? ಅಕ್ಕನ ಮಗ ಇಂಗ್ಲಿಷ್ ಬೆರೆಸಿ ವಾದಕ್ಕಿಳಿದ. ನಾದಿನಿಯ ಮಗಳು ಅಚ್ಚ ಕನ್ನಡದಲ್ಲಿ ಅಜ್ಜನ ಮಾತಿನಿಂದಲೇ ಅಜ್ಜನನ್ನು ಕಟ್ಟಿಹಾಕಿದಳು. ಕೊನೆಗೆ ಕಂಪ್ಯೂಟರ್ ಸೋತು ಬಾಗಿಲು ತೆಗೆಯಿತು. ನಿಯಮದ ಪ್ರಕಾರ ಅಲ್ಲಿ ದಾಳ ಹಾಕಿಸಬೇಕಿತ್ತು. ಹಾಕಿಸಲಿಲ್ಲ.

ಮುಂದಿನ ತಿಂಗಳಿಂದ ವಾರ್ಡನ್ ಅವಳು. ಕಥೆ ಏನು ಅಂತ ಯಾರಿಗೂ ಹೇಳಿಲ್ಲ. ಒಂದು ಹಡಗು, ಒಂದು ಆಸ್ಪತ್ರೆ ಡೆಕ್ ಅಂತ ಮಾತ್ರ ಬಾಯಿ ಬಿಟ್ಟಿದ್ದಾಳೆ. ಆಸ್ಪತ್ರೆಯಾ ಅಂದದ್ದಕ್ಕೆ, "ಕಥೆ ನಡ್ಸೋದು ನಾನು ಅತ್ತೆ, ಅಂಕಿ ಏರ್ಸೋದು ಇಳ್ಸೋದು ನನ್ ಕೈಲಿರತ್ತೆ" ಅಂದಳು. ಮೊನ್ನೆ ಎಲ್ಲರಿಗೂ ಅವಳ ಮೆಸೇಜ್ ಬಂತು: "ಏನು ಬೇಡ, ನಂಗೆ ಮಾತ್ರ ಬರೀರಿ. ಭಾನುವಾರದೊಳಗೆ." ಮಾವ ನನ್ನ ಕೈಯಲ್ಲಿ ಬರೆಸಿದರು: "ರಾತ್ರಿ ಹತ್ತೂವರೆ ಮೇಲೆ ಬೇಡ, ನಿದ್ದೆ ಬರತ್ತೆ." ನಾನು ಮೂರು ದಿನ ತಗೊಂಡು ನನ್ನದನ್ನು ಬರೆದು ಕಳಿಸಿದೆ. "ಗೊತ್ತಿರ್ಲಿಲ್ಲ ಅತ್ತೆ. ಸರಿ" ಅಂತ ಉತ್ತರ ಬಂತು.